ಅರ್ಧ ಮರದ ಪುಟ

…ಅಲ್ಲ, ಇದರಲ್ಲಿ ನಗೋದಕ್ಕೇನಿದೆ? ನಾನು ಹೇಳಿದ್ದು ಎರಡೇ ಕೆಲಸ. ಚಿತ್ರದ ಕಿಟಕಿಯಲ್ಲಿ ನಿಂತಿರೋ ಆ ಹೆಂಗಸನ್ನ ಅಳಿಸು, ಮರವನ್ನ ಪೂರ್ತಿ ಮಾಡು. ಇಷ್ಟೇ. ಇಷ್ಟಕ್ಕೆ ಒಂದು ವಾರ ತಗೊಂಡೆ. ಈಗ ಪುಟಕ್ಕೆ ಬಟರ್ ಪೇಪರ್ ಹೊದಿಸಿ, ಹೊಸ ಹೆಣ್ಣನ್ನ ಮನೆ ತುಂಬಿಸೋ ಹಾಗೆ ತಂದು ಮೇಜಿನ ಮೇಲಿಟ್ಟು, ಮೂಲೇಲಿ ನಿಂತ್ಕೊಂಡು ನಗ್ತೀಯ. ಕೂತ್ಕೋ. ಆ ಸ್ಟೂಲು ಬೇಡ, ಅದರ ಮೇಲೆ ಬಿಳಿ ಪೇಂಟ್ ಚೆಲ್ಲಿದೆ. ಆಯ್ತು, ಕೂತ್ಕೋಬೇಡ, ನಿಂತೇ ಇರು. ಗೋಡೆ ತಾನೇ ನೀನು, ಗೋಡೆ ಅಂದ್ಮೇಲೆ ನಿಂತೇ ಇರಬೇಕು.

ನಿನಗೆ ಗೋಡೆ ಅಂತ ಹೆಸರಿಟ್ಟಿದ್ದೇ ನಾನು, ನೆನಪಿದೆಯಾ? ಮದುವೆಯಾದ ಹೊಸದರಲ್ಲಿ ನಿಮ್ಮಕ್ಕ ನಿನ್ನ ಕೈ ಹಿಡ್ಕೊಂಡು ಇದೇ ರೂಮಿಗೆ ಕರ್ಕೊಂಡು ಬಂದ್ಲು. ‘ನನ್ನ ತಮ್ಮ ಚಿತ್ರ ಚೆನ್ನಾಗಿ ಬರೀತಾನೆ, ನಿಮ್ಮ ಜೊತೆ ಇಟ್ಕೊಳ್ಳಿ’ ಅಂದ್ಲು. ಏನು ಬರೀತೀಯಪ್ಪಾ ಅಂತ ಕೇಳಿದೆ. ಮನುಷ್ಯರನ್ನ ಬರೆದೆ. ದೇವರೇ, ಆ ಮನುಷ್ಯರು. ಕೈಗೆ ಆರು ಬೆರಳು, ಮುಖ ಎಲ್ಲಾ ಒಂದೇ ಆಲೂಗಡ್ಡೆ. ಆಮೇಲೆ ಹಿಂದೆ ಒಂದು ಗೋಡೆ ಬರೆದೆ ನೋಡು… ಸುಣ್ಣ ಕಿತ್ತು ಬಂದಿದ್ದು, ಮೊಳೆ ಹೊಡೆದು ಕಿತ್ತ ತೂತು, ಹಳೆ ಪೋಸ್ಟರಿನ ಅಂಟು. ಅದನ್ನ ನೋಡಿ ನಾನೇ ಎದ್ದು ಕೂತೆ. ಮನುಷ್ಯರು ನನಗಿರಲಿ, ಗೋಡೆ ನಿನಗಿರಲಿ ಅಂದೆ. ಅವತ್ತಿಂದ ಹಾಗೇ ನಡ್ಕೊಂಡು ಬಂತು. ನಾನು ಕಥೆ ಹೇಳೋದು, ನಾಯಕನನ್ನ ಬರೆಯೋದು. ನೀನು ಅವನ ಹಿಂದಿನ ಬೀದಿ ಬರೆಯೋದು. ಲಿಫ್ಟು ಹತ್ತಿ ಕಾಲದಿಂದ ಕಾಲಕ್ಕೆ ಹೋಗೋ ನಮ್ಮ ಚಿತ್ರಕಥೆಯ ಲಿಫ್ಟಿನವನನ್ನ ಊರೆಲ್ಲಾ ಬಲ್ಲದು, ನೀನು ಯಾರಿಗೂ ಗೊತ್ತಿಲ್ಲ ಅಂತ ನಿಮ್ಮಕ್ಕ ಮುಖ ಊದಿಸ್ಕೊಂಡು ಓಡಾಡ್ತಿದ್ಲು. ನಾನೇನು ಮಾಡ್ಲಿ? ನಾಯಕ ಯಾವಾಗಲೂ ಮುಂದೆ ಇರ್ತಾನೆ, ಗೋಡೆ ಹಿಂದೆ ಇರುತ್ತೆ.

ಏನು, ಬಾಗಿಲ ಕಡೆ ನೋಡ್ತೀಯ? ಭೂತಗನ್ನಡಿ ಅಂತ ನಾನು ಹೆಸರಿಟ್ಟ ಆ ಓದುಗಿ ಬರೋದು ಸಂಜೆಗೆ. ಅವಳು ಬರೋದರೊಳಗೆ ಈ ಪುಟ ಒಣಗಿರಬೇಕು, ಅಷ್ಟೇ. ಅವಳೊಂದು ಪೀಡೆ ಕಣೋ. ತಿಂಗಳು ತಿಂಗಳು ಪತ್ರಿಕೆ ಕೈಗೆ ಬಂದ ತಕ್ಷಣ ಮಸೂರ ಹಿಡ್ಕೊಂಡು ಕೂರ್ತಾಳೆ. ‘ಕ್ಷೌರದಂಗಡಿ ಕನ್ನಡಿ ಬಿರುಕು ಬಿಟ್ಟಿದ್ದು ಯಾವ ವರ್ಷ? ಲಿಫ್ಟಿನವನು ಅದಕ್ಕಿಂತ ಹಿಂದಿನ ವರ್ಷಕ್ಕೆ ಹೋದಾಗಲೂ ಬಿರುಕಿದೆಯಲ್ಲ?’ ಅಂತೆ. ಮೊದಲು ನಾನೂ ನಕ್ಕೆ. ಆಮೇಲೆ ನೋಡಿದ್ರೆ ಓದೋರಿಗೆಲ್ಲಾ ಅದೇ ಹುಚ್ಚು ಹಿಡಿದಿದೆ. ಕಥೆ ಯಾರಿಗೂ ಬೇಡ, ನಾಯಕ ಯಾವ ಕಾಲಕ್ಕೆ ಹೋದ, ಬಂದನೋ ಸತ್ತನೋ, ಒಬ್ಬರೂ ಕೇಳಲ್ಲ. ಹಿಂದಿರೋ ಬಸ್ಸಿನ ನಂಬರು ನಿಜವಾ, ಟೈಲರ್ ಅಂಗಡಿ ಬೋರ್ಡು ನಿಜವಾ, ಇದೇ ಕೇಳ್ತಾರೆ. ಈಗ ಸಂಪಾದಕನಿಗೂ ತಲೆ ಕೆಟ್ಟಿದೆ. ಎಲ್ಲಾ ಸಂಚಿಕೆ ಸೇರಿಸಿ ದಪ್ಪ ಪುಸ್ತಕ ಮಾಡ್ತಾನಂತೆ, ಅದರ ಕೊನೆಗೆ ‘ಹಿನ್ನೆಲೆಯಲ್ಲಿ ಏನೇನಿದೆ’ ಅಂತ ಭೂತಗನ್ನಡಿ ಕೈಯಲ್ಲಿ ಬರೆಸ್ತಾನಂತೆ. ಅವಳು ಬೀದಿ ಬೀದಿ ಸುತ್ತಿ, ಯಾವುದು ಯಾವಾಗ ಇತ್ತು, ಯಾವಾಗ ಹೋಯ್ತು ಅಂತ ಅಂಗಡಿಯವರನ್ನೆಲ್ಲಾ ಕೇಳಿ ಬರೀತಾಳಂತೆ. ಮಾಡೋಕೆ ಬೇರೆ ಕೆಲಸ ಇಲ್ಲ ಅವಳಿಗೆ.

ಹಾಗಾಗಿ ಹೇಳಿದೆ, ಪುಸ್ತಕಕ್ಕೆ ಹೋಗೋ ಮುಂಚೆ ಮೂರು ವರ್ಷದ ಹಿಂದಿನ ಈ ಪುಟ ಸರಿಮಾಡು ಅಂತ. ಬೇರೆ ಕಾರಣ ಏನಿದೆ? ನೀನೇ ಯೋಚನೆ ಮಾಡು. ಲಿಫ್ಟಿನವನು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ತಾರಸಿ ಮೇಲೆ ನಿಂತಿದಾನೆ. ಕೆಳಗೆ ಬೀದಿ. ಬೀದಿ ಮೂಲೇಲಿ ಆ ದೊಡ್ಡ ಮರ. ಇಪ್ಪತ್ತು ವರ್ಷ ಹಿಂದೆ ಮರ ಹೇಗಿತ್ತು? ಪೂರ್ತಿ ಇತ್ತು. ನೀನು ಬರೆದಿದ್ದು? ಒಂದು ಕಡೆ ಕೊಂಬೆಯೆಲ್ಲಾ ಕಡಿದು ಬೋಳು, ಇನ್ನೊಂದು ಕಡೆ ಎಲೆ, ಮಧ್ಯೆ ನೇತಾಡ್ತಿರೋ ಹಗ್ಗ. ಅರ್ಧ ಕ್ಷೌರ ಮಾಡಿಸ್ಕೊಂಡು ಎದ್ದು ಬಂದವನ ತಲೆ ಥರ. ಮುಂದಿನ ಪುಟದಲ್ಲಿ ಅದೇ ಮರ ಮತ್ತೆ ಪೂರ್ತಿ. ತಪ್ಪು ತಾನೇ? ತಪ್ಪನ್ನ ತಿದ್ದು ಅಂದ್ರೆ ಯಾಕೆ ಹಾಗೆ ನೋಡ್ತೀಯ?

ಗೊತ್ತು, ಗೊತ್ತು. ‘ಭಾವ, ಫೋಟೋದಲ್ಲಿ ಹಾಗೇ ಇತ್ತು’ ಅಂತೀಯ. ನೀನು ಹುಟ್ಟಿದ್ದೇ ಹಾಗೆ. ಫೋಟೋದಲ್ಲಿ ಏನಿದೆಯೋ ಅದನ್ನ ಬರೆಯೋದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಗೋಡೆ ಮೇಲೆ ಕಾಗೆ ಹೇತಿದ್ರೆ ಅದೂ ಬೇಕು. ಲಿಫ್ಟಿನವನು ನೂರು ವರ್ಷ ಮುಂದಕ್ಕೆ ಹೋದ ಸಂಚಿಕೆ ನೆನಪಿದೆಯಾ? ಆಕಾಶದಲ್ಲಿ ಹಾರೋ ಗಾಡಿ, ಗಾಜಿನ ಗೋಪುರ, ಎಲ್ಲಾ ನಾನು ಕಷ್ಟಪಟ್ಟು ಬರೆದಿದೀನಿ. ಅದರ ಕೆಳಗೆ ನೀನು ಟೈಲರ್ ಅಂಗಡಿ ಮುರುಕು ಕುರ್ಚಿ ಬರೆದೆ, ಅದೇ ಕಾಲಿಗೆ ಅದೇ ದಾರ ಸುತ್ತಿ. ನೂರು ವರ್ಷ ಆದ್ರೂ ಆ ಟೈಲರ್ ಕುರ್ಚಿ ರಿಪೇರಿ ಮಾಡಿಸಲ್ವೇನೋ ಅಂದೆ. ‘ಫೋಟೋದಲ್ಲಿತ್ತು ಭಾವ.’ ಅಷ್ಟೇ ನಿನ್ನ ಉತ್ತರ. ಜನ ಅದನ್ನೇ ಹೊಗಳಿದ್ರು ಅನ್ನೋದು ಬೇರೆ ಮಾತು. ಜನಕ್ಕೇನು.

ಫೋಟೋ ಅಂದ ಹಾಗೆ, ಅದೆಲ್ಲಿದೆ? ಆ ತಾರಸಿ ಫೋಟೋ. ವಾಪಸ್ ಕೊಡು ಅಂದಿದ್ದೆನಲ್ಲ. ಮರೆತು ಬಂದ್ಯಾ? ಜೇಬಲ್ಲಿದೆಯಾ? ತೆಗಿ ನೋಡೋಣ. ಬೇಡವಾದ್ರೆ ಬೇಡ, ಆಮೇಲೆ ಕೊಡು.

ನಾನು ಫೋಟೋ ತೆಗೆಯೋದರಲ್ಲಿ ಎತ್ತಿದ ಕೈ, ಅದನ್ನಂತೂ ನೀನು ಒಪ್ಪಬೇಕು. ಕ್ಯಾಮೆರಾ ಬೇರೆ ಯಾರಿಗೂ ಮುಟ್ಟೋಕೆ ಬಿಟ್ಟವನಲ್ಲ ನಾನು. ನಿನಗೂ ಬಿಟ್ಟಿಲ್ಲ. ಎದುರು ಬಿಲ್ಡಿಂಗಿನ ತಾರಸಿ ನನ್ನ ಎರಡನೇ ಮನೆ. ಬೀದಿಯೆಲ್ಲಾ ಅಂಗೈ ಮೇಲೆ ಕಾಣೋದು. ಈ ಕಿಟಕಿಯೂ ಕಾಣೋದು ನೇರವಾಗಿ. ಊಟದ ಹೊತ್ತಾದ್ರೆ ನಿಮ್ಮಕ್ಕ ಇಲ್ಲಿ ನಿಂತು ಅಡುಗೆಮನೆ ಟವೆಲ್ ಬೀಸೋಳು. ಆ ಕೆಂಪು ಗೆರೆ ಬಿಳಿ ಟವೆಲ್ಲು. ಟವೆಲ್ ಬೀಸಿದ್ರೆ ಊಟಕ್ಕೆ ಬನ್ನಿ ಅಂತ ಅರ್ಥ. ಹಸಿವಿಲ್ಲದಿದ್ರೆ ನಾನು ಅಲ್ಲಿಂದಲೇ ಕೈಯಾಡಿಸ್ತಿದ್ದೆ. ಕೆಳಗೆ ಟೈಲರ್ ನಗೋನು, ಹಡಗಿಗೆ ಬಾವುಟ ತೋರಿಸ್ತಾರೆ ಇವರು ಅಂತ. ಆ ಕಾಲದಲ್ಲಿ ಚೆನ್ನಾಗಿತ್ತು ಎಲ್ಲಾ. ನಿನ್ನ ಹೆಸರಿನ ಹಟ ಒಂದು ಶುರು ಆಗೋ ತನಕ ಚೆನ್ನಾಗಿತ್ತು.

ಹೌದು, ನಿನ್ನಿಂದಲೇ. ಮುಖ ಯಾಕೆ ತಿರುಗಿಸ್ತೀಯ? ‘ಮುಖಪುಟದ ಮೇಲೆ ನನ್ನ ತಮ್ಮನ ಹೆಸರೂ ಹಾಕಿ, ಹಾಕಿ, ಹಾಕಿ’ ಅಂತ ನಿಮ್ಮಕ್ಕ. ತಟ್ಟೆ ಮುಂದೆ ಅದೇ, ಹಾಸಿಗೆ ಮೇಲೆ ಅದೇ. ಗೋಡೆ ಬರೆಯೋನ ಹೆಸರು ಯಾವ ಪುಸ್ತಕದ ಮೇಲಿದೆ ತೋರಿಸು ಅಂತಿದ್ದೆ. ಜಗಳ ಆಡಿದ್ರೆ ಅವಳಿಗೆ ಉಬ್ಬಸ ಏಳೋದು, ಉಬ್ಬಸ ಎದ್ರೆ ನಾನು ಬಾಯಿ ಮುಚ್ಚಬೇಕು. ನ್ಯಾಯವಾ ಅದು? ಎಷ್ಟೋ ಸಲ ಆ ಉಬ್ಬಸ ನಿಜಾನೇ ಅಲ್ಲ ಅನ್ನಿಸ್ತಿತ್ತು ನನಗೆ. ಏನು? ಹೇಳೋದೇ ತಪ್ಪಾ? ಸತ್ತವರೆಲ್ಲಾ ಒಳ್ಳೆಯವರಾಗಿಬಿಡ್ತಾರೆ ನಿಮಗೆಲ್ಲಾ. ಅವಳ ಜೊತೆ ಸಂಸಾರ ಮಾಡಿದವನು ನಾನು.

ಅದೆಲ್ಲಾ ಬಿಡು. ಪುಟದ ವಿಷಯಕ್ಕೆ ಬರೋಣ.

ಯಾಕೆ ಬೆರಳು ಇಟ್ಟೆ ಅಲ್ಲಿ? ಬಟರ್ ಪೇಪರ್ ಮೇಲಿಂದ ಮರ ತೋರಿಸ್ತಿದೀಯ. ಕಾಣುತ್ತೆ, ಮರ ಕಾಣುತ್ತೆ. ಹೌದಪ್ಪಾ, ಆ ಮರ ಕಡಿದಿದ್ದು ನಿಮ್ಮಕ್ಕ ಹೋದ ದಿನ. ಬೀದಿಗೆಲ್ಲಾ ಗೊತ್ತು. ಕೊಂಬೆ ಅಡ್ಡ ಬಿದ್ದು ಆಂಬುಲೆನ್ಸ್ ಒಳಗೆ ಬರಲಿಲ್ಲ. ನೀನೂ ಟೈಲರ್ರೂ ಉಬ್ಬಸ ಎದ್ದಿದ್ದ ಅವಳನ್ನ ಆ ಮುರುಕು ಕುರ್ಚಿ ಮೇಲೆ ಕೂರಿಸಿ, ಕೊಂಬೆ ದಾಟಿಸಿ ಎತ್ಕೊಂಡು ಹೋದ್ರಿ. ದಾರೀಲೇ ಹೋದ್ಲು. ನಾನಿದ್ದಿದ್ರೆ… ನಾನಿರಲಿಲ್ಲ. ಬೆಳಗಿನ ಜಾವ ಎದ್ದು ಪಕ್ಕದ ಊರಿನ ಪ್ರೆಸ್ಸಿಗೆ ಹೋಗಿದ್ದೆ, ವಾಪಸ್ ಬರೋವಾಗ ಸಂಜೆ. ಬಸ್ಸಿಳಿದು ಬಂದು ನೋಡ್ತೀನಿ, ಮರವೂ ಇಲ್ಲ, ಹೆಂಡತಿಯೂ ಇಲ್ಲ. ಎಷ್ಟು ಸಲ ಹೇಳಿಲ್ಲ ಇದನ್ನ.

ಹಾಗಾದ್ರೆ ಈ ಫೋಟೋ? ಏನು ಈ ಫೋಟೋ? ಓಹೋ, ಅದಕ್ಕೇನಾ ಹೀಗೆ ನಿಂತಿರೋದು. ಅರ್ಧ ಮರ ಇರೋದು ಅದೊಂದೇ ದಿನ, ಅರ್ಧ ಮರದ ಫೋಟೋ ಭಾವನ ಹತ್ರ ಹೇಗೆ ಬಂತು ಅಂತ. ಏನು ತಲೆಯಪ್ಪಾ. ಭೂತಗನ್ನಡಿ ನಿನ್ನನ್ನ ಮದುವೆ ಆಗ್ಬೇಕು. ಮರಾನ ಒಂದೇ ದಿನದಲ್ಲಿ ಕಡೀತಾರೇನೋ? ಹಿಂದಿನ ದಿನವೇ ಒಂದಿಷ್ಟು ಕಡಿದಿದ್ರು. ಇಲ್ವಾ? ತಲೆ ಆಡಿಸ್ಬೇಡ. ಕಡಿದಿರಲಿಲ್ವಾ? ಹಾಗಾದ್ರೆ… ಹಾಗಾದ್ರೆ ಅದು ನಾನು ತೆಗೆದ ಫೋಟೋ ಅಲ್ಲ. ಫೋಟೋ ಸ್ಟುಡಿಯೋದವನು ತೆಗೆದಿದ್ದು. ನಾನೇ ಕ್ಯಾಮೆರಾ ಕೊಟ್ಟು ಹೋಗಿದ್ದೆ, ಬೀದೀದು ಒಂದಿಷ್ಟು ತೆಗೆದಿಡು ಅಂತ. ಈಗ ತಾನೇ ಯಾರಿಗೂ ಕೊಟ್ಟಿಲ್ಲ ಅಂದೆನಾ? ಸಾಮಾನ್ಯವಾಗಿ ಕೊಡಲ್ಲ. ಅವತ್ತೊಂದು ದಿನ ಕೊಟ್ಟಿದ್ದೆ.

ಹೀಗೆ ನೋಡ್ಬೇಡ ನನ್ನ. ಪೊಲೀಸ್ ಕೆಲಸ ನಿನ್ನ ಮುಖಕ್ಕೆ ಒಪ್ಪಲ್ಲ. ಸತ್ತು ಹದಿನೈದು ದಿನವೂ ಆಗಿರಲಿಲ್ಲ, ಪತ್ರಿಕೆಯವನು ಪುಟ ಕೊಡಿ ಅಂತ ಬಾಗಿಲಿಗೆ ಬಂದು ನಿಂತಿದ್ದ. ನಾನು ಲಕೋಟೇಲಿದ್ದ ಫೋಟೋ ಹಾಗೇ ನಿನ್ನ ಕೈಗೆ ಕೊಟ್ಟೆ, ನೋಡಲೂ ಇಲ್ಲ. ನೀನೂ ಅಳ್ತಾ ಅಳ್ತಾ ಬರೆದೆ. ನಿನ್ನ ಕಣ್ಣಿಗೆ ಆಗ ಏನೂ ಕಾಣಲಿಲ್ಲ. ಮೂರು ವರ್ಷ ಕಾಣಲಿಲ್ಲ. ಅಳಿಸು ಅಂತ ನಾನು ಹೇಳಿದ ಮೇಲೆ ಕಂಡಿತಾ?

ಕಿಟಕಿಯ ಹೆಂಗಸು, ಸರಿ, ಅದನ್ನೂ ಹೇಳ್ತೀನಿ ಕೇಳು. ಅದು ಯಾರೂ ಅಲ್ಲ. ಅಕ್ಕಿ ಕಾಳಿನಷ್ಟು ದೊಡ್ಡ ಚಿತ್ರ. ಒಂದು ತಲೆ, ಒಂದು ಎತ್ತಿದ ಕೈ, ಕೈಯಲ್ಲಿ ಏನೋ ಒಂದು. ಓದೋರು ಅದರ ಮೇಲೆ ಪುರಾಣ ಕಟ್ಟಿದಾರೆ. ಲಿಫ್ಟಿನವನ ಸತ್ತ ತಾಯಿಯಂತೆ. ಬೇರೆ ಕಾಲದಿಂದ ಬಂದು ಸಿಕ್ಕಿಹಾಕ್ಕೊಂಡ ಹೆಂಗಸಂತೆ. ಸಂಪಾದಕ ಅಂತಾನೆ, ಕೈಯಲ್ಲಿ ಪಾರಿವಾಳ ಇದೆ ಅಂತ. ಭೂತಗನ್ನಡಿ ಪುಸ್ತಕದಂಗಡೀಲಿ ಎಲ್ಲರೆದುರು ನನ್ನನ್ನ ಹಿಡಿದು ಕೇಳಿದ್ಲು, ‘ಆ ಹೆಂಗಸು ಸಹಾಯ ಕೇಳ್ತಿದಾಳೆ ಅನ್ನಿಸುತ್ತೆ, ನಾಯಕ ಆ ಕಡೇನೇ ನೋಡ್ತಿದಾನೆ, ಹೋಗಲ್ಲ ಯಾಕೆ?’ ಅಂತ. ನಮ್ಮ ಕಥೆಯ ಕಟ್ಟಳೆ ಅದು ಅಮ್ಮಾ ಅಂದೆ. ಕಳೆದ ಕಾಲಕ್ಕೆ ಹೋದವನು ನೋಡಬಹುದು, ಮುಟ್ಟೋ ಹಾಗಿಲ್ಲ. ಮುಟ್ಟೋ ಹಾಗಿದ್ರೆ ಒಂದೇ ಸಂಚಿಕೆಗೆ ಕಥೆ ಮುಗಿದುಹೋಗುತ್ತೆ. ಅದಕ್ಕವಳು ಏನಂದ್ಲು ಗೊತ್ತಾ? ‘ನಿಮ್ಮ ನಾಯಕನಿಗೆ ಈ ಕಟ್ಟಳೆ ತುಂಬಾ ಅನುಕೂಲ’ ಅಂದ್ಲು. ಬಾಯಿ ನೋಡು ಅವಳದ್ದು.

ಮತ್ತೆ ನಗ್ತೀಯ. ಅಳ್ತಿದೀಯಾ? ನಿನ್ನ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಅಳೋದರಲ್ಲಿ ನೀನು ಯಾವಾಗಲೂ ಮುಂದು. ಅವಳು ಹೋದಾಗ ನೀನು ಮಾಡಿದ ಗೋಳು ಇನ್ನೂ ಕಿವೀಲಿದೆ. ಬಂದವರ ಹತ್ರ ಎಲ್ಲಾ ಒಂದೇ ಮಾತು. ‘ಬೆಳಿಗ್ಗೆ ಭಾವ ಊರಿಗೆ ಹೋದ ಮೇಲೆ ಬಂದಿದ್ದೆ, ಅಕ್ಕನಿಗೆ ಒಂದು ಹೊಸ ಟವೆಲ್ ಕೊಟ್ಟು ಹೋದೆ, ನಗ್ತಾ ಇದ್ಲು, ಹೊಸ ಟವೆಲ್ ಕೊಟ್ಟೆ, ಟವೆಲ್ ಕೊಟ್ಟೆ.’ ಒಡವೆ ಕೊಟ್ಟಿದ್ರೂ ಯಾರೂ ಅಷ್ಟು ಸಲ ಹೇಳಲ್ಲ. ಆ ಟವೆಲ್ ನಾನು ಕಣ್ಣಲ್ಲೂ ಕಂಡವನಲ್ಲ. ಅದನ್ನ ಹಿಡ್ಕೊಂಡೇ ಆಸ್ಪತ್ರೆಗೆ ಹೋದ್ಲು, ಅವಳ ಬಟ್ಟೆ ಜೊತೆ ಅದೂ ಎಲ್ಲೋ ಹೋಯ್ತು. ನೀನು ಹೇಳಿದ್ದರಿಂದ ನನಗೆ ಗೊತ್ತು, ಇಲ್ಲದಿದ್ರೆ ಅಂಥದ್ದೊಂದು ಟವೆಲ್ ಇತ್ತು ಅಂತಲೇ ನನಗೆ ಗೊತ್ತಿರ್ತಿರಲಿಲ್ಲ.

ಅಲ್ಲೇನು, ಈಗ ಕಿಟಕಿ ಮೇಲೆ ಬೆರಳು. ಸರಿ, ಏನು ಬೇಕು ನಿನಗೆ? ಅದು ನಿಮ್ಮಕ್ಕ ಅಂತ ನಾನು ಹೇಳ್ಬೇಕಾ? ಹೌದು, ನಿಮ್ಮಕ್ಕನೇ. ಅವಳ ಮನೆ, ಅವಳ ಕಿಟಕಿ, ಅವಳಲ್ಲದೆ ಇನ್ಯಾರು ನಿಲ್ತಾರೆ? ದಿನಾ ನಿಲ್ಲೋಳು. ಸ್ಟುಡಿಯೋದವನು ಬೀದಿ ಫೋಟೋ ತೆಗೆದಾಗ ಅವಳೂ ಬಿದ್ದಿದಾಳೆ. ಇದರಲ್ಲಿ ದೊಡ್ಡ ಗುಟ್ಟೇನಿದೆ? ಪಾರಿವಾಳ ಅಂತೆ, ಬಾವುಟ ಅಂತೆ. ತಲೆ ಇಲ್ಲದ ಜನ. ಪಾರಿವಾಳವೂ ಅಲ್ಲ, ಬಾವುಟವೂ ಅಲ್ಲ, ಊಟಕ್ಕೆ ಕರೆಯೋ ಟವೆಲ್ಲು. ಹಸಿರು ಟವೆಲ್ ಹಿಡ್ಕೊಂಡು ಒಬ್ಬ ಹೆಂಗಸು ಕಿಟಕೀಲಿ ನಿಂತ್ರೆ ಅದಕ್ಕೆ ಇಷ್ಟೆಲ್ಲಾ…

ಏನು?

ಯಾಕೆ ಹಾಗೆ ನೆಟ್ಟಗಾದೆ? ಮೇಜಿನ ಮೇಲೆ ಬಗ್ಗಿದ್ದವನು… ಏನಂದೆ ನಾನು? ಟವೆಲ್ ಅಂದೆ. ಟವೆಲ್ ಅಂತ ಯಾರು ಬೇಕಾದ್ರೂ ಹೇಳಬಹುದು.

ಹಸಿರು ಅಂದೆನಾ?

ಹಸಿರು ಅಂದ್ರೆ… ನೀನೇ ಹೇಳಿದ್ದೆ. ಅಳ್ತಾ ಹೇಳಿದ್ದೆ, ಹೊಸ ಹಸಿರು ಟವೆಲ್ ಅಂತ. ಹೇಳಿರಲಿಲ್ವಾ? ಹಾಗಾದ್ರೆ ಫೋಟೋದಲ್ಲಿ… ಫೋಟೋ ಕಪ್ಪು ಬಿಳುಪು, ಗೊತ್ತು, ನನಗೇ ಹೇಳಿಕೊಡ್ಬೇಡ. ಊಹೆ ಮಾಡಿದೆ ಅಂದ್ಕೋ. ಬಾಯಿಗೆ ಬಂದ ಬಣ್ಣ. ಕೆಂಪು ಅನ್ನಬಹುದಿತ್ತು, ನೀಲಿ ಅನ್ನಬಹುದಿತ್ತು. ಬಂದಿದ್ದು ಹಸಿರು. ಹಸಿರೇ ಇತ್ತಾ ಅದು? ನೋಡು, ನನಗೆ ಗೊತ್ತೇ ಇಲ್ಲ. ಮಾತಾಡೋ. ಇಷ್ಟು ವರ್ಷ ‘ಭಾವ ಭಾವ’ ಅಂತ ಹಿಂದೆ ಸುತ್ತಿದವನು ಈಗ ಒಂದು ಮಾತು ಆಡಲ್ಲ. ಬೈಯಿ. ಬೈದ್ರೂ ಪರವಾಗಿಲ್ಲ.

ಸರಿ ಕೇಳು, ಹೆಸರು ಬೇಕಾ ನಿನಗೆ? ಹಾಕ್ತೀನಿ. ಮುಖಪುಟದ ಮೇಲೆ, ನನ್ನ ಹೆಸರಿನ ಪಕ್ಕದಲ್ಲೇ, ಅದೇ ಅಳತೆ ಅಕ್ಷರದಲ್ಲಿ. ನಿಮ್ಮಕ್ಕ ಅದನ್ನೇ ಕೇಳ್ತಿದ್ಲಲ್ಲ. ಸಂಪಾದಕನಿಗೆ ಈಗಲೇ ಹೇಳ್ತೀನಿ. ಆಯ್ತಾ? ಅದಕ್ಕೂ ತಲೆ ಆಡಿಸ್ತೀಯಲ್ಲ. ಮತ್ತಿನ್ನೇನು ಬೇಕು ನಿನಗೆ?

ಇರಲಿ, ಮೊದಲು ನೀನು ಮಾಡಿರೋ ಕೆಲಸ ನೋಡ್ತೀನಿ. ಬಿಡು ಕೈ. ಬಟರ್ ಪೇಪರ್ ಬಿಡು.

…ಇದೇನಿದು?

ಮರ ಹಾಗೇ ಇದೆ. ಕಿಟಕಿಯೂ ಹಾಗೇ ಇದೆ. ಅವಳೂ… ಲಿಫ್ಟಿನವನೆಲ್ಲಿ? ತಾರಸಿ ಮೇಲಿದ್ದ ನನ್ನ ಲಿಫ್ಟಿನವನೆಲ್ಲೋ? ಬಿಳಿ ಬಳಿದಿದೀಯ. ಅವಳನ್ನ ಅಳಿಸು ಅಂದ್ರೆ ಅವನನ್ನ ಅಳಿಸಿದೀಯ. ಅವನ ಜಾಗದಲ್ಲಿ ಇದು ಯಾರು? ಬರೀ ಬಿಳಿ ಆಕಾರ. ಬೆನ್ನು ಈ ಕಡೆ, ಎರಡೂ ಮೊಣಕೈ ಮೇಲಕ್ಕೆ, ಭುಜಕ್ಕೆ ಚೀಲ. ಕೈ ಎರಡೂ ಮುಖದ ಹತ್ರ. ಲಿಫ್ಟಿನವನು ಹೀಗೆ ನಿಲ್ಲಲ್ಲ. ಲಿಫ್ಟಿನವನ ಹತ್ರ ಚೀಲ ಇಲ್ಲ, ಕ್ಯಾಮೆರಾ ಇಲ್ಲ…

ಯಾಕೋ ಪೆನ್ನು ನನ್ನ ಕಡೆ ತಳ್ತೀಯ? ನಾನು ತುಂಬಿಸ್ಬೇಕಾ ಇದನ್ನ? ಮನುಷ್ಯರು ನನಗಿರಲಿ ಅಂದಿದ್ದೆ, ನಿಜ. ಅಂದಿದ್ದೆ. ಆದ್ರೆ ಇಲ್ಲಿ ಯಾರನ್ನ ಬರೀಲಿ?

ಯಾರೋ ಬಾಗಿಲು ತಟ್ತಿದಾರೆ. ಅವಳೇ, ಬೇಗ ಬಂದುಬಿಟ್ಲು. ಪುಟ ಮುಚ್ಚು. ಮುಚ್ಚೋ. ಎಲ್ಲಿಗೆ ಹೋಗ್ತೀಯ? ಬಾಗಿಲು ತೆಗೀಬೇಡ, ನಿಂತ್ಕೋ ಒಂದು ನಿಮಿಷ, ಹೇಳ್ತೀನಿ. ಬಸ್ಸು ತಪ್ಪಿತ್ತು. ಮನೆಗೆ ಬಂದ್ರೆ ಮತ್ತೆ ಅದೇ ಜಗಳ ಅಂತ ತಾರಸಿಗೆ ಹೋದೆ. ಬೀಸಿದ್ಲು, ನೋಡಿದೆ. ಆದ್ರೆ ಟವೆಲ್ ತಾನೇ ಕಣೋ. ಟವೆಲ್ ಬೀಸಿದ್ರೆ ಊಟಕ್ಕೆ ಅಂತ ತಾನೇ. ಊಟಕ್ಕೆ ಕರೀತಿದಾಳೆ ಅಂದ್ಕೊಂಡೆ. ಬಾಗಿಲು ತೆಗೀಬೇಡ… ಹಸಿವಿಲ್ಲ ಅಂತ ಕೈಯಾಡಿಸ್ದೆ.